ಬಿಸಿಲಿಗೆಂದು ಬಿಟ್ಟ ಬಲ: ಎಂಜಿನ್ ಟ್ಯೂನಿಂಗ್ ಮತ್ತು ವಾರಂಟಿ

(ಬಳ್ಳಾರಿಯಲ್ಲಿ ಕಾರು ಮಾಲೀಕರು ಮತ್ತು ಆಟೊಮೊಬೈಲ್ ವಿದ್ಯಾರ್ಥಿಗಳ ಮುಂದೆ ವಿಮಾ ಸರ್ವೇಯರ್ ಒಬ್ಬರು ಆಡಿದ ಮಾತಿನ ಬರಹ ರೂಪ)

ರೀಮ್ಯಾಪ್ ಮಾಡಿಸಿದರೆ, ಅಂದರೆ ಬಲ ಹೆಚ್ಚಲೆಂದು ಎಂಜಿನ್ ಸಾಫ್ಟ್‌ವೇರ್ ತಿದ್ದಿಸಿದರೆ, ವಾರಂಟಿ ಹೋಗುತ್ತದೆಯೇ? ನಿಮ್ಮಲ್ಲಿ ಹೆಚ್ಚಿನವರು ಈ ಪ್ರಶ್ನೆ ಹೊತ್ತೇ ಬಂದಿದ್ದೀರಿ ಎಂದು ಗೊತ್ತು. ಹೌದು ಎಂದು ಒಂದೇ ಮಾತಿನಲ್ಲಿ ಹೇಳಿ ನಾನು ಕುಳಿತುಬಿಡಬಹುದು. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ, ನಿಮ್ಮ ಉಪಯೋಗಕ್ಕೂ ಬರುವುದಿಲ್ಲ. ಯಾವ ಭಾಗದ ವಾರಂಟಿ ಹೋಗುತ್ತದೆ, ಹೋಗಿದೆ ಎಂದು ಕಂಪನಿ ಹೇಗೆ ತೋರಿಸುತ್ತದೆ, ತೋರಿಸಲಾಗದೆ ಬರೀ ಕೈಯಾಡಿಸಿದರೆ ನೀವೇನು ಮಾಡಬೇಕು ಎನ್ನುವುದೆಲ್ಲ ಬೇರೆ ಬೇರೆ ಮಾತು. ಅದಕ್ಕೂ ಮೊದಲು ಈ ಕೆಲಸ ಮಾಡಿಕೊಡುವ ಟ್ಯೂನರ್ ನಿಮಗೆ ಏನನ್ನು ಮಾರುತ್ತಿದ್ದಾನೆ ಎಂಬುದು ಸ್ಪಷ್ಟವಾಗಬೇಕು. ನನ್ನ ಪ್ರಕಾರ ಅವನು ಮಾರುವುದು ನೀವು ಆಗಲೇ ದುಡ್ಡು ಕೊಟ್ಟು ಕೊಂಡಿರುವ ವಸ್ತುವನ್ನೇ.

ಇವತ್ತಿನ ಎಂಜಿನ್‌ನಲ್ಲಿ ಎಷ್ಟು ಇಂಧನ ಹೋಗಬೇಕು, ಯಾವ ಕ್ಷಣಕ್ಕೆ ಹೋಗಬೇಕು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ. ಅದರೊಳಗೆ ಕೋಷ್ಟಕಗಳಿವೆ. ಒಂದು ಕಡೆ ಎಂಜಿನ್ ವೇಗ, ಇನ್ನೊಂದು ಕಡೆ ನೀವು ಆಕ್ಸಿಲರೇಟರ್ ತುಳಿದ ಪ್ರಮಾಣ, ಎರಡೂ ಸೇರುವ ಮನೆಯಲ್ಲಿ ಒಂದು ಅಂಕಿ. ಹಾಗೆ ನೂರಾರು ಕೋಷ್ಟಕ, ಸಾವಿರಾರು ಅಂಕಿ. ರೀಮ್ಯಾಪ್ ಎಂದರೆ ಈ ಅಂಕಿಗಳನ್ನು ತಿದ್ದಿ ಮತ್ತೆ ಬರೆಯುವುದು. ಡೀಸೆಲ್ ಗಾಡಿಯಲ್ಲಿ ಇಂಧನ, ರೈಲಿನ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಇಂಧನ ಒಯ್ಯುವ ಕೊಳವೆಯ) ಒತ್ತಡ ಮತ್ತು ಟರ್ಬೊ ಒತ್ತಡ ಏರಿಸುತ್ತಾರೆ, ಟಾರ್ಕ್‌ಗೆ, ಅಂದರೆ ಎಂಜಿನ್ನಿನ ತಿರುಗಿಸುವ ಬಲಕ್ಕೆ, ಹಾಕಿದ ಮಿತಿಯನ್ನು ಮೇಲಕ್ಕೆತ್ತುತ್ತಾರೆ. ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಹೆಚ್ಚು ಬಲ ಬರುತ್ತದೆ ಎನ್ನುತ್ತಾರೆ, ಟರ್ಬೊ ಡೀಸೆಲ್‌ನಲ್ಲಿ ಅದು ಸುಳ್ಳೇನೂ ಅಲ್ಲ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಗಾಡಿಗೆ ಮಾಡಿಸುವವರಿಗೆ ಮಾತ್ರ ನಾನು ಹೇಳುವುದಿಷ್ಟೇ: ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿಕೊಳ್ಳಿ.

ಹಾಗಾದರೆ ಇಷ್ಟು ಬಲವನ್ನು ಕಂಪನಿ ಯಾಕೆ ಬಚ್ಚಿಟ್ಟಿತ್ತು? ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಕಟ್ಟೆಯ ನೆತ್ತಿ ಅದಕ್ಕಿಂತ ಮೇಲಿದೆ. ಆ ನಡುವಿನ ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲಿಯೂ ನೀರು ನಿಲ್ಲಿಸಿದರೆ ಇನ್ನೊಂದಿಷ್ಟು ಗದ್ದೆಗೆ ಆಗುತ್ತಿತ್ತು ಎಂದು ನಮ್ಮ ಯಾವ ರೈತನೂ ಕೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಆ ಕಟ್ಟೆಯ ಮೇಲೆ ಬೀಳುವ ಭಾರ ಎಂಥದ್ದು ಎಂದು ಎಲ್ಲರೂ ನೋಡಿದೆವು. ಎಂಜಿನ್‌ನಲ್ಲಿ ಬಿಟ್ಟ ಅಂತರವೂ ಅಂಥದ್ದೇ. ಅದು ಮರೆತು ಬಿಟ್ಟದ್ದಲ್ಲ.

ಯಾವುದಕ್ಕೆ ಬಿಟ್ಟದ್ದು ಎಂದರೆ ನಮ್ಮಂಥ ಊರಿಗೆ. ರಾಯಚೂರಿನ ಮೇ ತಿಂಗಳು ನೆನಪಿಸಿಕೊಳ್ಳಿ. 15 ಡಿಗ್ರಿಯ ಗಾಳಿಗೂ 45 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ವ್ಯತ್ಯಾಸ. ಅಂದರೆ ಅದೇ ಬಲ ಕೊಡಲು ಟರ್ಬೊ ನಮ್ಮ ಬೇಸಿಗೆಯಲ್ಲಿ ಇನ್ನಷ್ಟು ಜೋರಾಗಿ ತಿರುಗಲೇಬೇಕು. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ವಸ್ತು. ಅದರ ಮೇಲೆ ತೋರಣಗಲ್ಲು, ಸಂಡೂರು ರಸ್ತೆಯ ಕೆಂಪು ದೂಳು. ಫಿಲ್ಟರ್ ಅರ್ಧ ಕಟ್ಟಿಕೊಂಡರೆ ಟರ್ಬೊಗೆ ಇನ್ನೂ ಎಳೆದಾಟ. ಗಾಳಿ ಕಡಿಮೆಯಾಗಿ ಇಂಧನ ಹೆಚ್ಚಾದರೆ ಡೀಸೆಲ್ ಎಂಜಿನ್ ಹೊಗೆ ಕಾರುತ್ತದೆ, ಹೊರಬರುವ ಅನಿಲದ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮಿಶ್ರಲೋಹ ಅದಕ್ಕೂ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಇಂಧನದ ಗುಣ, ಹತ್ತು ವರ್ಷದ ಸವೆತ, ಒಂದೇ ಸಾಲಿನಲ್ಲಿ ತಯಾರಾದ ಎರಡು ಇಂಜೆಕ್ಟರ್‌ಗಳ ನಡುವೆಯೂ ಇರುವ ಸಣ್ಣ ವ್ಯತ್ಯಾಸ, ಇವೆಲ್ಲಕ್ಕೂ ಸೇರಿಸಿ ಬಿಟ್ಟ ಅಂತರ ಅದು. ಆ ಅಂತರದ ಮೇಲೆ ನಿಂತು ಕಂಪನಿ ಬರೆದುಕೊಟ್ಟ ಮಾತೇ ವಾರಂಟಿ. ಟ್ಯೂನರ್ ಅಂತರವನ್ನು ಖರ್ಚು ಮಾಡಿದ ಮೇಲೆ ಮಾತು ನಿಲ್ಲಲು ನೆಲ ಉಳಿಯುವುದಿಲ್ಲ.

ಪೆಟ್ರೋಲ್ ಟರ್ಬೊ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಿ. ಒತ್ತಡದಲ್ಲಿ ತಾನಾಗಿ ಹತ್ತಿಕೊಳ್ಳದಿರುವ ಪೆಟ್ರೋಲಿನ ಗುಣಕ್ಕೆ ಆಕ್ಟೇನ್ ಅಂಕಿ ಎನ್ನುತ್ತಾರೆ, ಅದು ಎಲ್ಲ ಪೆಟ್ರೋಲಿಗೂ ಒಂದೇ ಅಲ್ಲ. ಹೆಚ್ಚಿನ ಆಕ್ಟೇನ್‌ಗೆ ಬರೆದ ಫೈಲನ್ನು (ತಿದ್ದಿದ ಕೋಷ್ಟಕಗಳ ಕಟ್ಟನ್ನು) ಕಡಿಮೆ ಆಕ್ಟೇನ್ ಪೆಟ್ರೋಲ್ ಕುಡಿಯುವ ಗಾಡಿಗೆ ತಂದು ತುಂಬಿದರೆ, ಕಿಡಿಯ ಬೆಂಕಿ ತಲುಪುವ ಮೊದಲೇ ಇಂಧನ ತಾನಾಗಿ ಹತ್ತಿಕೊಂಡು ಬಡಿಯುವ ಭಯ ಇದ್ದೇ ಇದೆ. ಅದಕ್ಕೆ ನಾಕ್ ಎನ್ನುತ್ತಾರೆ. ನಾಕ್ ಸೆನ್ಸರ್ ಕಾಯುತ್ತದೆ, ನಿಜ. ಅದಕ್ಕೂ ಒಂದು ಮಿತಿಯಿದೆ. ಫೈಲು ಯಾವ ಇಂಧನಕ್ಕೆ ಬರೆದದ್ದು ಎಂದು ಕೇಳಿದರೆ ಉತ್ತರಿಸಲಾಗದ ಟ್ಯೂನರ್ ಬಳಿ ಗಾಡಿ ಬಿಡಬೇಡಿ.

ಇಲ್ಲಿ ಒಬ್ಬರು ಕೈಯೆತ್ತಿದ್ದಾರೆ, ಅವರ ಪ್ರಶ್ನೆ ನನಗೆ ಗೊತ್ತು: ಒಂದೇ ಎಂಜಿನ್ನನ್ನು ಕಂಪನಿ ಎರಡು ಬಲದಲ್ಲಿ ಮಾರುತ್ತದೆಯಲ್ಲ, ಕಡಿಮೆಯದನ್ನು ಹೆಚ್ಚಿಗೆ ಏರಿಸಿದರೆ ತಪ್ಪೇನು? ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ನೆನಪಿದೆಯೇ? ನಮ್ಮ ರಸ್ತೆಗಳಲ್ಲಿ ಇವತ್ತಿಗೂ ಲೆಕ್ಕವಿಲ್ಲದಷ್ಟು ಓಡುತ್ತಿವೆ. ಸ್ವಿಫ್ಟ್‌ನಲ್ಲಿ ಅದು 75 ಪಿಎಸ್ (ಅಶ್ವಶಕ್ತಿಯ ಅಳತೆ), ಎರ್ಟಿಗಾದಲ್ಲಿ 90. ಸಾಫ್ಟ್‌ವೇರ್ ಮಾತ್ರ ಬೇರೆ ಎಂದು ಎಷ್ಟೋ ಮಂದಿ ನಂಬಿದ್ದರು. 75ರದ್ದಕ್ಕೆ ಸ್ಥಿರ ಟರ್ಬೊ, 90ರದ್ದಕ್ಕೆ ಒಳಗಿನ ರೆಕ್ಕೆಗಳು ತಿರುಗಿಕೊಳ್ಳುವ ಬೇರೆಯೇ ಟರ್ಬೊ. ಎಂಜಿನ್ ಬ್ಲಾಕ್ ಒಂದೇ ಇದ್ದ ಮಾತ್ರಕ್ಕೆ ಅದರ ಸುತ್ತ ಕೂತದ್ದೆಲ್ಲ ಒಂದೇ ಆಗುವುದಿಲ್ಲ. ಗೇರ್‌ಬಾಕ್ಸಿನ ಕಡೆಯೂ ಹಾಗೆಯೇ. ಸ್ಕೋಡಾ ಕುಶಾಕ್‌ನ 1.5 ಲೀಟರ್ ಪೆಟ್ರೋಲ್ ಎಂಜಿನ್ ಕೊಡುವುದು 250 ನ್ಯೂಟನ್ ಮೀಟರ್ ಟಾರ್ಕ್. ಅದರ ಜೊತೆ ಬರುವ ಏಳು ಗೇರಿನ ಒಣ ಕ್ಲಚ್‌ನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಡೆಯುವ ಮಿತಿಯೂ 250. ಅಂದರೆ ಗಾಡಿ ಶೋರೂಮಿನಿಂದ ಇಳಿಯುವಾಗಲೇ ಗಡಿಯ ಮೇಲೆ ನಿಂತಿದೆ. ಟ್ಯೂನರ್ ಅದನ್ನು ಮುನ್ನೂರಕ್ಕೆ ಒಯ್ದರೆ ಆ ಹೆಚ್ಚಿನ ಐವತ್ತನ್ನು ಹೊರುವವರು ಯಾರು?

ಮೇಜಿನ ಮೇಲೆ ಈ ಟರ್ಬೊ ಇಟ್ಟಿದ್ದೇನೆ. ಭಾಷಣ ಮುಗಿದ ಮೇಲೆ ಹತ್ತಿರ ಬಂದು ನೋಡಿ, ಮುಟ್ಟಿ. ಇದು ಗಾಳಿ ಒತ್ತುವ ಕಡೆಯ ಚಕ್ರ. ದೂಳು ತಿಂದ ಟರ್ಬೊ ಆಗಿದ್ದರೆ ರೆಕ್ಕೆಗಳ ಮುಂದಿನ ಅಂಚು ಸವೆದು, ಉಗುರಿಗೆ ಬ್ಲೇಡಿನಂತೆ ಸಿಗುತ್ತಿತ್ತು. ಇದರಲ್ಲಿ ಅಂಚು ಚೆನ್ನಾಗಿಯೇ ಇದೆ. ಚಕ್ರವನ್ನು ತಿರುಗಿಸಿ ಹಿಂಬದಿ ನೋಡಿ: ನುಣ್ಣಗಿರಬೇಕಾದ ಲೋಹ ತರಿತರಿಯಾಗಿದೆ. ಮಿತಿ ಮೀರಿದ ವೇಗದಲ್ಲಿ ತಿರುಗಿ ಲೋಹ ಹಿಗ್ಗಿದ ಗುರುತು ಅದು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ, ಬೇರಿಂಗ್ ಹೋಗಿದೆ. ಈ ಕಪ್ಪು ಹೊಪ್ಪಳೆ ಸುಟ್ಟು ಗಟ್ಟಿಯಾದ ಎಂಜಿನ್ ಆಯಿಲ್. ಕಂಪ್ಯೂಟರ್ ತೆರೆಯದೆಯೇ ಇಷ್ಟು ಓದಬಹುದು. ನಮ್ಮ ಮೊದಲ ಸಾಕ್ಷಿ ಲೋಹವೇ, ಅದನ್ನು ಯಾರೂ ಅಳಿಸಿ ಬರೆಯಲಾರರು.

ಈ ಟರ್ಬೊ ಗಂಗಾವತಿ ಕಡೆಯ ಅಕ್ಕಿ ಗಿರಣಿ ಮಾಲೀಕರೊಬ್ಬರ ಡೀಸೆಲ್ ಎಸ್‌ಯುವಿಯದು. ಅವರ ಹೆಸರು ಬೇಡ, ಗಾಡಿಯ ಹೆಸರೂ ಬೇಡ. ವಾರಂಟಿ ಇನ್ನೂ ಇತ್ತು. ಮಗ ಅಪ್ಪನಿಗೆ ಹೇಳದೆ ರೀಮ್ಯಾಪ್ ಮಾಡಿಸಿದ್ದ. ಬೇಸಿಗೆಯಲ್ಲಿ ಮುನಿರಾಬಾದ್ ದಾಟುವಾಗ ಹಿಂದೆ ನೀಲಿ ಹೊಗೆ, ಎಳೆತ ನಿಂತಿತು. ಹುಡುಗ ಚುರುಕು. ಟೋ ಮಾಡಿಸುವ ಮೊದಲೇ ಟ್ಯೂನರ್‌ನನ್ನು ಕರೆಸಿ ಹಳೆಯ ಫೈಲನ್ನು ವಾಪಸು ಹಾಕಿಸಿದ. ಸರ್ವಿಸ್ ಸೆಂಟರ್‌ನಲ್ಲಿ ನಮ್ಮ ಗಾಡಿ ಮುಟ್ಟಿಯೇ ಇಲ್ಲ ಎಂದು ಅಪ್ಪ ವಾದಿಸಿದರು, ಪಾಪ ಅವರಿಗೆ ಗೊತ್ತೂ ಇರಲಿಲ್ಲ. ಸ್ಕ್ಯಾನರ್ ಹಾಕಿದರು. ಫೈಲು ಕಂಪನಿಯದ್ದೇ, ಅದರ ಗುರುತಿನ ಸಂಖ್ಯೆಯೂ ಸರಿ. ಆದರೆ ಇಸಿಯು ತನ್ನ ಮೇಲೆ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಸರ್ವಿಸ್ ಸೆಂಟರ್‌ನ ದಾಖಲೆಯಲ್ಲಿದ್ದ ಅಪ್‌ಡೇಟ್‌ಗಳಿಗಿಂತ ಆ ಲೆಕ್ಕ ಹೆಚ್ಚಿತ್ತು. ಟರ್ಬೊ ಬಿಚ್ಚಿದ ಮೇಲೆ ನೀವು ಈಗ ನೋಡಿದ ಹಿಂಬದಿ ಸಿಕ್ಕಿತು. ಎರಡೂ ಸೇರಿದ ಮೇಲೆ ಕ್ಲೇಮ್ ತಿರಸ್ಕಾರ. ಅಪ್ಪನ ಕಡೆಯಿಂದ ನನ್ನನ್ನು ನೋಡಲು ಕರೆದಿದ್ದರು. ತಿರಸ್ಕಾರ ಸರಿಯಾಗಿದೆ ಎಂದೇ ನಾನು ಹೇಳಬೇಕಾಯಿತು.

ಆ ಗುರುತಿನ ಸಂಖ್ಯೆಗೆ ಸಿವಿಎನ್ ಎನ್ನುತ್ತಾರೆ. ಒಳಗಿನ ಅಂಕಿಗಳನ್ನೆಲ್ಲ ಲೆಕ್ಕ ಹಾಕಿ ಇಸಿಯು ಹೇಳುವ ಒಂದು ಮೊತ್ತ ಎನ್ನಬಹುದು. ಒಳಗೆ ಒಂದು ಅಂಕಿ ಬದಲಾದರೂ ಮೊತ್ತ ಬದಲಾಗುತ್ತದೆ. ಸಾಮಾನ್ಯ ಸ್ಕ್ಯಾನರಿನಿಂದಲೂ ಓದಬಹುದು. ಕೆಲವು ಇಸಿಯುಗಳಲ್ಲಿ ಯಾವ ಉಪಕರಣದಿಂದ, ಯಾವ ದಿನ ಬರೆದರು ಎಂಬ ಗುರುತೂ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ವ್ಯವಸ್ಥೆಯಲ್ಲಂತೂ ಟ್ಯೂನ್ ಆದ ಗಾಡಿಗೆ ಟಿಡಿ1 ಎಂಬ ಗುರುತು ಬಿದ್ದರೆ ಅದು ಗಾಡಿಯ ಜೊತೆಗೇ ಉಳಿಯುತ್ತದೆ, ಆಮೇಲೆ ಯಾವ ಊರಿನ ಡೀಲರ್ ತೆರೆದರೂ ಕಾಣುತ್ತದೆ. ಟ್ಯೂನಿಂಗ್ ಬಾಕ್ಸ್ ಹಾಕುವವರು ನಮ್ಮದು ಕಿತ್ತರೆ ಏನೂ ಉಳಿಯುವುದಿಲ್ಲ ಎನ್ನುತ್ತಾರೆ. ಆ ಪೆಟ್ಟಿಗೆ ಮಾಡುವುದು ಇಷ್ಟೇ: ರೈಲಿನ ಒತ್ತಡದ ಸೆನ್ಸರ್ ಹೇಳುವುದನ್ನು ನಡುವೆ ತಡೆದು ಕಡಿಮೆ ಮಾಡಿ ಹೇಳುತ್ತದೆ, ಇಸಿಯು ಪಾಪ ನಂಬಿ ಒತ್ತಡ ಏರಿಸುತ್ತದೆ. ಬರೆದ ಲೆಕ್ಕ ಅದರಲ್ಲಿ ಹೆಚ್ಚಾಗುವುದಿಲ್ಲ, ಸರಿ. ಆದರೆ ಕನೆಕ್ಟರ್ ಮೇಲಿನ ಗೀರು, ದಾಖಲಾದ ದೋಷ ಸಂಕೇತಗಳು, ಸೋರುವ ಇಂಜೆಕ್ಟರ್ ಎಲ್ಲ ಉಳಿಯುತ್ತವೆ.

ಹಳಬರು ಇದನ್ನೆಲ್ಲ ಕೇಳಿ ನಗುತ್ತಿರಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್‌ಗಳು ಇದೇ ಕೆಲಸವನ್ನು ಸ್ಕ್ರೂ ಡ್ರೈವರಿನಿಂದ ಮಾಡುತ್ತಿದ್ದರು. ಡೀಸೆಲ್ ಪಂಪಿನ ಮೇಲೆ ಗರಿಷ್ಠ ಇಂಧನದ ಸ್ಕ್ರೂ, ಅದಕ್ಕೆ ತಂತಿ ಕಟ್ಟಿ ಸೀಸದ ಸೀಲು. ಸೀಲು ಒಡೆದು ಸ್ಕ್ರೂ ಬಿಗಿದರೆ ಓವರ್‌ಲೋಡ್ ಎಳೆಯುತ್ತಿತ್ತು, ಹೊಗೆಯಲ್ಲಿ ಹಿಂದಿನ ಗಾಡಿ ಕಾಣುತ್ತಿರಲಿಲ್ಲ. ಸೀಲು ಒಡೆದಿದ್ದರೆ ಪಂಪಿನ ವಾರಂಟಿ ಇಲ್ಲ ಎಂಬುದು ಆಗಲೂ ಎಲ್ಲರಿಗೂ ಗೊತ್ತಿತ್ತು, ಯಾರೂ ಆಣೆ ಇಟ್ಟು ವಾದಿಸುತ್ತಿರಲಿಲ್ಲ. ಈಗ ಸೀಲು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಇಲ್ಲವೇ ಇಲ್ಲ ಎಂದುಕೊಳ್ಳುತ್ತಾರೆ.

ಇನ್ನು ಕಾನೂನಿಗೆ ಬರುತ್ತೇನೆ. ಯೂಟ್ಯೂಬಿನಲ್ಲಿ ನೋಡಿದವರು ಕಂಪನಿಯೇ ಸಾಬೀತು ಮಾಡಬೇಕು, ಕಾಯ್ದೆ ಇದೆ ಎನ್ನುತ್ತಾರೆ. ಅವರು ಕೇಳಿದ್ದು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ. ಕಂಪನಿಯ ಹೆಸರಿನ ಬಿಡಿಭಾಗವನ್ನೇ ಹಾಕಿಸಬೇಕು ಎಂದು ವಾರಂಟಿಗೆ ಷರತ್ತು ಹಾಕುವುದನ್ನು ಅದು ಅಲ್ಲಿ ತಡೆಯುತ್ತದೆ. ಕೊಪ್ಪಳದ ಗ್ರಾಹಕ ಆಯೋಗದಲ್ಲಿ ಅದು ನಡೆಯುವುದಿಲ್ಲ. ನಮ್ಮಲ್ಲಿ ವಾರಂಟಿ ಒಂದು ಒಪ್ಪಂದ, ಅದರ ಜೊತೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವಾರಂಟಿ ಪುಸ್ತಿಕೆಯ ಕೊನೆಯ ಪುಟಗಳಲ್ಲಿ ಏನೇನು ಸೇರುವುದಿಲ್ಲ ಎಂಬ ಪಟ್ಟಿ ಇರುತ್ತದೆ. ಮಾರ್ಪಾಡು ಮಾಡಿದ ಗಾಡಿಯ ಮಾತು ಅಲ್ಲಿ ಹೆಚ್ಚೂಕಡಿಮೆ ಎಲ್ಲ ಕಂಪನಿಗಳದ್ದರಲ್ಲೂ ಸಿಗುತ್ತದೆ. ಕೆಲವು ಪುಸ್ತಿಕೆಗಳು ಮಾರ್ಪಾಡಿನಿಂದ ಆದ ಹಾನಿ ಎನ್ನುತ್ತವೆ, ಕೆಲವು ಮಾರ್ಪಾಡಾದ ವಾಹನ ಎಂದೇ ಬರೆಯುತ್ತವೆ. ಈ ಎರಡರ ನಡುವೆ ಅಜಗಜಾಂತರ. ಮೊದಲನೆಯದರಲ್ಲಿ ಟ್ಯೂನ್ ಮಾಡಿಸಿದ ಗಾಡಿಯ ಎಸಿ ಕೆಟ್ಟರೆ ನಿಮ್ಮ ಹಕ್ಕು ಉಳಿದಿರುತ್ತದೆ. ಎರಡನೆಯದರಲ್ಲಿ ವಾದಿಸಬೇಕಾಗುತ್ತದೆ. ಗಾಡಿ ಮನೆಗೆ ಬಂದ ದಿನ ಪೂಜೆ ಮಾಡುತ್ತೀರಿ, ನಿಂಬೆಹಣ್ಣು ಒಡೆಯುತ್ತೀರಿ. ಆ ಪುಸ್ತಿಕೆಯನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ.

ಕಂಪನಿಗಳ ಪರ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರು ಈ ಕಲಮನ್ನು ಎಲ್ಲೆಂದರಲ್ಲಿ ಬೀಸುವುದನ್ನೂ ಕಂಡಿದ್ದೇನೆ. ಹೊರಗೆ ಹಾಕಿಸಿದ ಹಾರ್ನ್ ತೋರಿಸಿ ಪವರ್ ಸ್ಟೀರಿಂಗ್ ಕ್ಲೇಮ್ ತಿರಸ್ಕರಿಸಿದ್ದಿದೆ. ಹಾರ್ನ್ ತಂತಿಗೂ ಸ್ಟೀರಿಂಗ್ ಮೋಟಾರಿಗೂ ಏನು ನಂಟು ಎಂದರೆ ಉತ್ತರವಿಲ್ಲ, ಸಿಸ್ಟಮ್‌ನಲ್ಲಿ ರಿಜೆಕ್ಟ್ ಆಗಿದೆ ಸಾರ್ ಎಂಬ ಮಾತು ಮಾತ್ರ. ಅಂಥ ಕಡೆ ಬಿಡಬೇಡಿ. ಕೌಂಟರಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ, ಜಾಬ್ ಕಾರ್ಡ್ ಮತ್ತು ಸ್ಕ್ಯಾನ್ ವರದಿಯ ಪ್ರತಿ ಕೇಳಿ, ಬಿಚ್ಚಿದ ಭಾಗವನ್ನು ನಿಮಗೆ ತೋರಿಸದೆ ಎಸೆಯಬಾರದು ಎಂದು ಇಮೇಲ್ ಹಾಕಿ. ಭಾಗ ಕಳೆದುಹೋದರೆ ನಿಮ್ಮ ಸಾಕ್ಷಿಯೂ ಹೋದಂತೆ. ಆಮೇಲೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿಯೊಳಗಿರಬೇಕು, ನಮ್ಮ ಹೆಚ್ಚಿನ ಗಾಡಿಗಳು ಅದರೊಳಗೇ ಬರುತ್ತವೆ. ಎರಡು ವರ್ಷದೊಳಗೆ ಹೋಗಬೇಕು. ದೋಷ ಎಲ್ಲಿಯದು ಎಂಬುದು ಪರೀಕ್ಷೆ ಇಲ್ಲದೆ ತಿಳಿಯುವಂತಿಲ್ಲದಿದ್ದರೆ 38ನೇ ಕಲಮಿನ ಪ್ರಕಾರ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ನಾನು ತೋರಿಸಿದ ಟರ್ಬೊದಂಥದ್ದು ಅಲ್ಲಿ ಮಾತಾಡುತ್ತದೆ, ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ.

ಅದೇ ಕಾಯ್ದೆಯ 87ನೇ ಕಲಮನ್ನೂ ತಿಳಿದಿರಿ. ವಸ್ತುವಿನ ದೋಷದಿಂದ ಯಾರಿಗಾದರೂ ಹಾನಿಯಾದಾಗ, ಆ ವಸ್ತು ಆ ಸಮಯದಲ್ಲಿ ಮಾರ್ಪಾಡಾಗಿದ್ದರೆ ಮಾರಿದವರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ಹೂಡುವಂತಿಲ್ಲ. ಕೆಟ್ಟ ಎಂಜಿನ್‌ನ ರಿಪೇರಿ ಖರ್ಚಿಗಿಂತ ಇದು ದೊಡ್ಡ ಮಾತು.

ವಾರಂಟಿ ಹೋದರೇನು, ಫುಲ್ ಇನ್ಶೂರೆನ್ಸ್ ಇದೆಯಲ್ಲ ಎನ್ನುವವರು ನನ್ನ ಕಚೇರಿಗೆ ಬಂದೇ ಬರುತ್ತಾರೆ. ಅದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಖಚಿತವಾಗಿ ಹೇಳುತ್ತೇನೆ: ಸಾಮಾನ್ಯ ಪಾಲಿಸಿಯಲ್ಲಿ ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯ ಸೇರುವುದೇ ಇಲ್ಲ. ಗುದ್ದಿದರೆ, ಕದ್ದರೆ, ಬೆಂಕಿ ಬಿದ್ದರೆ ವಿಮೆ. ತಾನಾಗಿ ಕೆಟ್ಟ ಟರ್ಬೊಗೆ ವಿಮೆ ಇಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಮುಖ್ಯವಾಗಿ ನೀರು ನುಗ್ಗಿದ, ಆಯಿಲ್ ಸೋರಿದ ಪ್ರಕರಣಗಳಿಗೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ಕ್ಲೇಮಿನಲ್ಲೂ ತಕರಾರು ಏಳಬಹುದು. ಎಕ್ಸ್‌ಟೆಂಡೆಡ್ ವಾರಂಟಿ ಕೊಂಡವರೂ ಅದರ ಷರತ್ತುಗಳನ್ನು ಬೇರೆಯಾಗಿ ಓದಬೇಕು.

ಹೊಗೆ ನಿಯಂತ್ರಣದ ಬಿಎಸ್6 ನಿಯಮದ ಡೀಸೆಲ್ ಗಾಡಿಯವರಿಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್‌ನಿಂದ ಬಂದ ಈ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಟ್ಯೂನ್ ಮಾಡಿ ಇಂಧನ ಏರಿಸಿದರೆ ಮಸಿಯೂ ಏರುತ್ತದೆ, ಫಿಲ್ಟರ್ ಬೇಗ ತುಂಬುತ್ತದೆ. ಹಿಡಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬೇಕು, ಕೌಲ್‌ಬಜಾರಿನಿಂದ ಮೋತಿ ಸರ್ಕಲ್‌ವರೆಗೆ ಓಡಿಸಿ ನಿಲ್ಲಿಸಿದರೆ ಆ ಬಿಸಿ ಬರುವುದಿಲ್ಲ. ಸುಡುವ ಪ್ರಯತ್ನ ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಗ ಟ್ಯೂನರ್ ಎರಡನೇ ಸಲಹೆ ಕೊಡುತ್ತಾನೆ: ಡಿಪಿಎಫ್ ಕಿತ್ತು ಹಾಕೋಣ. ಅಲ್ಲಿಗೆ ವಿಷಯ ವಾರಂಟಿಯನ್ನು ದಾಟಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಒಂದೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬರೀ ಸಾಫ್ಟ್‌ವೇರ್ ತಿದ್ದಿದ್ದು ಇದರೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಬಹುದು. ಫಿಲ್ಟರ್ ಕಿತ್ತವರಿಗೆ ಆ ವಾದಕ್ಕೂ ಜಾಗವಿಲ್ಲ.

ಹಾಗಾದರೆ ಮಾಡಿಸಲೇಬಾರದೇ? ವಾರಂಟಿ ಮುಗಿದ ಗಾಡಿಗೆ, ದುಡ್ಡು ಮತ್ತು ಹೊಣೆ ಎರಡೂ ನಿಮ್ಮದೇ ಎಂದಾದರೆ ನಾನೇಕೆ ಬೇಡ ಎನ್ನಲಿ? ನನಗೂ ಎಳೆಯುವ ಗಾಡಿ ಇಷ್ಟ. ಆದರೆ ಮೊದಲು ಕಂಪ್ರೆಷನ್ ನೋಡಿಸಿ, ಇಂಜೆಕ್ಟರ್ ವಾಪಸು ಸೋರಿಕೆ ಪರೀಕ್ಷಿಸಿ, ಇಂಟರ್‌ಕೂಲರ್ ಪೈಪುಗಳನ್ನು ಕೈಯಿಂದ ಒತ್ತಿ ನೋಡಿ. ಕ್ಲಚ್ ಪ್ಲೇಟ್ ಹಳೆಯದಾಗಿದ್ದರೆ ಮೊದಲ ಏರಿನಲ್ಲೇ ಜಾರುತ್ತದೆ, ಅದಕ್ಕೆ ಹೊಸ ಗಾಡಿಯಲ್ಲೂ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಮೂಲ ಫೈಲಿನ ಪ್ರತಿ ಕೈಗೆ ಕೊಡದ ಟ್ಯೂನರ್ ಬೇಡ. ಏರ್ ಫಿಲ್ಟರ್ ಬದಲಿಸುವ ಅವಧಿಯನ್ನು ಪುಸ್ತಿಕೆಯ ದೂಳು ಪ್ರದೇಶದ ಕಾಲಂ ನೋಡಿ ಪಾಲಿಸಿ. ಆ ಕಾಲಂ ಇರುವುದೇ ನಮ್ಮ ಜಿಲ್ಲೆಗಳಿಗೆ. ಇನ್ನೊಂದು ತಮಾಷೆ ಕೇಳಿ: ಸರ್ವಿಸ್ ಸೆಂಟರ್‌ನವರು ಹೊಸ ಸಾಫ್ಟ್‌ವೇರ್ ಹಾಕಿದರೆ ನೀವು ಸಾವಿರಾರು ರೂಪಾಯಿ ಕೊಟ್ಟು ಬರೆಸಿದ ಮ್ಯಾಪ್ ಅಳಿಸಿಹೋಗುತ್ತದೆ. ಆಗ ಅವರನ್ನು ದೂರಲೂ ಬರುವುದಿಲ್ಲ, ಯಾಕೆಂದರೆ ದೂರಲು ಒಪ್ಪಿಕೊಳ್ಳಬೇಕು.

ಕೊನೆಯದಾಗಿ ಹಳೆಯ ಗಾಡಿ ಕೊಳ್ಳುವವರ ಮಾತು, ಇದನ್ನು ಹಿಂದಿನ ಸಾಲಿನಿಂದ ಕೇಳಿದರು. ಟ್ಯೂನ್ ಮಾಡಿದವನು ಮಾರುವ ಮೊದಲು ಹಳೆಯ ಫೈಲು ಹಾಕಿಸಿರುತ್ತಾನೆ. ಉಳಿದ ವಾರಂಟಿ ನಿಮಗೆ ವರ್ಗವಾಗುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿರುತ್ತಾನೆ. ವಾರಂಟಿ ಕಾಗದದಲ್ಲಿ ವರ್ಗವಾಗುತ್ತದೆ, ಜೊತೆಗೆ ಅವನು ಮಾಡಿದ್ದೂ ವರ್ಗವಾಗುತ್ತದೆ. ಮುಂಗಡ ಕೊಡುವ ಮೊದಲು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಗಾಡಿ ಒಯ್ದು, ಇಸಿಯು ಬರೆದ ಲೆಕ್ಕ ಮತ್ತು ಸಿವಿಎನ್ ಎರಡನ್ನೂ ಓದಿಸಿ, ಅವರ ಸರ್ವಿಸ್ ದಾಖಲೆಯ ಜೊತೆ ಹೋಲಿಸಿ ಕೊಡುವಂತೆ ಕೇಳಿ. ತಪಾಸಣೆಯ ಶುಲ್ಕ ಟರ್ಬೊ ಬೆಲೆಯ ಮುಂದೆ ಏನೂ ಅಲ್ಲ. ಗಾಡಿಯನ್ನು ಅಲ್ಲಿಗೆ ತರಲು ಮಾರುವವರು ಒಪ್ಪದಿದ್ದರೆ ಬೆಲೆ ಮಾತಾಡುವ ಮೊದಲೇ ಎದ್ದು ಬನ್ನಿ.